ಗುರುಪಾದಪ್ಪ ಮಾಸ್ತರರ ಇಂಗ್ಲಿಷ್ ತಾಸು

ಆಕಳಿಸುತ್ತ ಇಂಗ್ಲಿಷ್ ಕಲಿಸಿದ ಮಾಸ್ತರರನ್ನು ನಾನು ಕಂಡದ್ದು ಒಬ್ಬರನ್ನೇ. ಸೋಮವಾರ ಬೆಳಿಗ್ಗೆ ಗುರುಪಾದಪ್ಪ ಮಾಸ್ತರರು ತರಗತಿಗೆ ಬಂದು, ರುಮಾಲು ತೆಗೆದಿಟ್ಟು, ಕುರ್ಚಿಯಲ್ಲಿ ಕುಸಿದು ಒಂದು ಸಲ ಆಕಳಿಸಿದರೆ ಸಾಕು, ಹುಡುಗರೆಲ್ಲ ಒಟ್ಟಿಗೆ ಕೂಗುತ್ತಿದ್ದರು: "ಮಾಸ್ಟರ್ ಈಸ್ ಯಾನಿಂಗ್!" ಮುಖ ಒರೆಸಿಕೊಂಡರೆ ಅದಕ್ಕೊಂದು ವಾಕ್ಯ, ಮೊಣಕಾಲು ತಿಕ್ಕಿಕೊಂಡರೆ ಇನ್ನೊಂದು. ಪಕ್ಕದ ಕೋಣೆಯಲ್ಲಿ ಗಣಿತ ಹೇಳುತ್ತಿದ್ದ ನನಗೆ ಲೆಕ್ಕ ತಪ್ಪುತ್ತಿತ್ತು. ಕೇಳಿದರೆ, "ಹೆಂಗೂ ದಣದೇನ್ರಿ, ಆ ದಣಿವರ ಪಾಠದ ಉಪಯೋಗಕ್ಕ ಬರ್ಲಿ" ಎನ್ನುತ್ತಿದ್ದರು.

ಅದು ಎರಡನೇ ಮಹಾಯುದ್ಧದ, ಪೆಟ್ರೋಲು ಸಿಗದ ಕಾಲ. ಹಾನಗಲ್ಲಿನ ಶಾಲೆಯೊಂದರಲ್ಲಿ ನಾವಿಬ್ಬರೂ ಸಹಾಯಕ ಮಾಸ್ತರರು, ಇರುವುದು ಒಂದೇ ಬಾಡಿಗೆ ಕೋಣೆಯಲ್ಲಿ. ಅವರ ಹೆಂಡತಿ ಊರಾದ ದುಂಡಸಿಯಲ್ಲಿ ಲಕ್ವ ಹೊಡೆದು ಮಲಗಿದ್ದರು, ಆಕೆಯ ಅಕ್ಕನೊಬ್ಬಳು ನೋಡಿಕೊಳ್ಳುತ್ತಿದ್ದಳು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟೊಡನೆ ಮಾಸ್ತರರು ಇದ್ದಿಲ ಹೊಗೆಯಿಂದ ಓಡುವ ಬಸ್ಸು ಹಿಡಿಯುತ್ತಿದ್ದರು. ಏರು ಬಂದಲ್ಲಿ ಇಳಿದು ನೂಕುವುದು, ಮುಂದೆ ಸಿಕ್ಕರೆ ಚಕ್ಕಡಿ, ಉಳಿದದ್ದು ನಡಿಗೆ. ರವಿವಾರವೆಲ್ಲ ಆಕೆಯನ್ನು ಎತ್ತಿ ಕೂರಿಸಿ, ಮೈ ಒರೆಸಿ, ತಲೆ ಬಾಚಿ, ಮತ್ತೆ ಅದೇ ದಾರಿ. ಶಿಗ್ಗಾಂವಿಗೆ ವರ್ಗವಾದರೆ ಸೈಕಲ್ ಮೇಲೆ ದಿನಾ ಮನೆ ಸೇರಬಹುದಿತ್ತು. ಅರ್ಜಿಯೂ ಹೋಗಿತ್ತು. ಶಾಲೆಯ ತಪಾಸಣೆಗೆ ಬರುವ ದಿಪುಟಿ ಸಾಹೇಬರು ಒಂದು ಒಳ್ಳೆಯ ಮಾತು ಬರೆದರೆ ಕೆಲಸ ಆದಂತೆಯೇ.

ಈ ಗಳಿಗೆಯಲ್ಲಿ ನಡೆಯುತ್ತಿರುವ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಲು ಗುರುಪಾದಪ್ಪ ಮಾಸ್ತರರದು ಒಂದೇ ಕಟ್ಟಳೆ. "ಕೈ ನಡದಿದ್ರ ಬಾಯಿ ನಡೀಬೇಕು. ಕೈ ನಿಂತಿತೋ, ಬಾಯಿ ಬಂದ್." ಒಬ್ಬ ಕಿಟಕಿ ತೆರೆಯುತ್ತ ಹೇಳಬೇಕು, ಇನ್ನೊಬ್ಬ ಕೊಡ ಹೊರುತ್ತ ಹೇಳಬೇಕು. ಬಾಗಿಲು ಹಾಕಿ ಮುಗಿದ ಮೇಲೂ ಬಾಯಿ ನಡೆಸಿದವನು ಅದನ್ನು ತೆರೆದು ಮೊದಲಿನಿಂದ ಹಾಕಬೇಕು. ಹೆಡ್ ಮಾಸ್ತರರು ಇಣುಕಿ, "ಇದೇನ್ ಸಾಲಿನೋ, ಗರಡಿ ಮನಿನೋ?" ಎಂದು ಗೊಣಗುತ್ತಿದ್ದರು. ಆದರೆ ನಮ್ಮ ಶಾಲೆಯ ಸಿಪಾಯಿ ಕೂಡ ಗಂಟೆ ಬಾರಿಸುತ್ತ "ಐ ಆಮ್ ರಿಂಗಿಂಗ್" ಎನ್ನತೊಡಗಿದ್ದ.

ತಪಾಸಣೆಯ ದಿನ ಹೆಡ್ ಮಾಸ್ತರರು ತಾವೇ ತರಗತಿಗೆ ಹೋಗಿ, ಹುಡುಗರನ್ನು ಸಾಲಾಗಿ ಕೂರಿಸಿ ಕೈ ಕಟ್ಟಿಸಿದರು. "ಸಾಹೇಬ್ರು ಹೋಗೂತನಕ ಯಾರರ ಕೈ ಬಿಚ್ಚಿದ್ರ ಚರ್ಮ ಸುಲೀತೇನಿ." ದೊಡ್ಡವರ ಮುಂದೆ ಕೈ ಕಟ್ಟುವುದು ನಮ್ಮ ಕಡೆಯ ಮರ್ಯಾದೆ. ಸಾಹೇಬರು ಬಂದರು. ಮುಂದಿನ ಸಾಲಿನವನನ್ನು, ಅವನ ಹಿಂದಿನವನನ್ನು, ಕೊನೆಗೆ ಇಡೀ ತರಗತಿಯನ್ನು ಇಂಗ್ಲಿಷಿನಲ್ಲಿ ಕೇಳಿದರು, ಈಗ ಏನು ಮಾಡುತ್ತಿದ್ದೀರಿ ಎಂದು. ಕೈ ನಿಂತಿತ್ತು, ಮಾಸ್ತರರ ಮಾತಿನಂತೆ ಬಾಯಿಯೂ ಬಂದ್. ಒಬ್ಬನೂ ತುಟಿ ಬಿಚ್ಚಲಿಲ್ಲ. ಕರಿಹಲಗೆಯ ಪಕ್ಕದಲ್ಲಿ ಮಾಸ್ತರರೂ ಕೈ ಕಟ್ಟಿಯೇ ನಿಂತಿದ್ದರು. "ವರ್ಷವಿಡೀ ಏನ್ ಕಲಿಸೀರಿ ಇವರಿಗೆ?" ಎಂದ ಸಾಹೇಬರು ಉತ್ತರಕ್ಕೆ ಕಾಯದೆ ಹೊರಟರು.

"ಕೈ ಬಿಚ್ಚರೋ ಅಂತ ಒಂದ್ ಮಾತು ಅನಬೇಕಿತ್ತಲ್ರಿ!" ಎಂದು ಸಂಜೆ ಕೋಣೆಯಲ್ಲಿ ನಾನು ರೇಗಿದೆ.

"ಹೆಡ್ ಮಾಸ್ತರ್ರು ಕಟ್ಟಿಸಿದ ಕೈ ನಾ ಹೆಂಗ ಬಿಚ್ಚಸ್ಲಿ? ಹುಡುಗರದೇನ್ ತಪ್ಪಿಲ್ರಿ. ನಾ ಹೇಳಿದಂಗ ಮಾಡ್ಯಾರ" ಎಂದು ಅವರು ಒಲೆ ಹೊತ್ತಿಸಲು ಕುಳಿತರು.

ವರ್ಗದ ಹುಕುಂ ಬಂತು. ಶಿಗ್ಗಾಂವಿಗಲ್ಲ, ಹಿರೇಕೆರೂರಿನಾಚೆ ಮಾಸೂರಿಗೆ. ಶನಿವಾರ ಹೊರಟರೆ ಸೋಮವಾರ ಶಾಲೆಗೆ ತಿರುಗಿ ಮುಟ್ಟಲಾಗದ ದೂರ.

ಮರುವರ್ಷ ಪರೀಕ್ಷೆಯ ಕೆಲಸಕ್ಕೆ ನಾನು ಮಾಸೂರಿಗೆ ಹೋದಾಗ ಅವರನ್ನು ಕಂಡೆ. ಬಹಳ ಇಳಿದುಹೋಗಿದ್ದರು. ಶಿಗ್ಗಾಂವಿ ಕೊನೆಗೂ ಮಂಜೂರಾಗಿತ್ತಂತೆ, ಅವರೇ ಬೇಡವೆಂದು ಬರೆದಿದ್ದರು.

"ಯಾಕ್ರಿ?" ಎಂದೆ.

"ಆಕಿ ದೀಪಾವಳಿ ಮುಂದ ಹೋಗಿಬಿಟ್ಳ್ರಿ. ಸುದ್ದಿ ನನಗ ಮುಟ್ಟೂದ್ರಾಗ ಮಣ್ಣಾಗಿತ್ತು. ಇನ್ನ ಶಿಗ್ಗಾಂವಿ ಆದ್ರೇನು, ಮಾಸೂರಾದ್ರೇನು?" ಮತ್ತೆ ಅವರೇ ಹೇಳಿದರು: "ಆದ್ರ ಶನಿವಾರ ಸಾಲಿ ಬಿಟ್ಟಿತಂದ್ರ ಕಾಲು ಬಸ್ಸಿನ ಕಡೆನ ಹೊಕ್ಕಾವ್ರಿ. ಹೋಗಿ ನಿಂದರ್ತೇನಿ. ಬಸ್ ಹ್ವಾದಮ್ಯಾಲ ಬರ್ತೇನಿ."

ಅಂದೂ ಶನಿವಾರವೇ. ನನ್ನ ಚೀಲ ಹಿಡಿದು ಬಸ್ಸಿನವರೆಗೂ ಬಂದರು. ನಾನು ಹತ್ತಿ ಕುಳಿತೆ. ಡ್ರೈವರ್ ತಲೆ ಹೊರಗೆ ಹಾಕಿ, "ಮಾಸ್ತರ್ರ, ಇವತ್ತರ ಬರ್ತೀರೇನ್ರಿ?" ಎಂದು ಕೇಳಿದ.

"ಇಲ್ಲಪಾ, ನೀ ನಡಿ" ಎಂದರು.