ಬಿರುಕೋ, ಗೀರೋ

ಕಾಕು ಇಂಜಿನ್ ಸುಟ್ಟರು, ವಿಭೂತಿ ಅದನ್ನು ಉಳಿಸಿತು. ಕೊಣ್ಣೂರಿನ ನಮ್ಮ ಮನೆಗೆ ಯಾರೇ ಬರಲಿ, ಚಹಾ ಆರುವುದರೊಳಗೆ ಈ ಕಥೆ ಹೇಳಿ ಮುಗಿದಿರುತ್ತದೆ. ಇರುವುದು ಎರಡೇ ಮಾತು, ಎರಡೂ ಸುಳ್ಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ, ಆರೋಪ ಹೊರಿಸಿದವರೇ ಸಾಬೀತು ಮಾಡಬೇಕು ಎಂಬುದು. ನಮ್ಮ ಮನೆಯಲ್ಲಿ ಈ ನಿಯಮ ನಡೆಯುವುದಿಲ್ಲ. ಇಲ್ಲಿ ಮೊದಲು ಹೇಳಿದವರು ಗೆದ್ದಂತೆ.

ಕಾಕು ಎಂದರೆ ನನ್ನ ಕಾಕಾನ ಹೆಂಡತಿ. ಕಡಕ್ ರೊಟ್ಟಿ ಮಾಡಿ ಹುಕ್ಕೇರಿಯ ಖಾನಾವಳಿಗಳಿಗೂ ಕಣಗಲಾ ಹತ್ತಿರದ ಧಾಬಾಗಳಿಗೂ ಕೊಡುತ್ತಾರೆ. ಮೊದಲು ರೊಟ್ಟಿಯ ಗಂಟುಗಳು ಬಸ್ಸಿನಲ್ಲಿ ಹೋಗುತ್ತಿದ್ದವು, ಅರ್ಧ ಪುಡಿಯಾಗಿ ಇಳಿಯುತ್ತಿದ್ದವು. ನಲವತ್ತೆಂಟನೆಯ ವಯಸ್ಸಿನಲ್ಲಿ ಕಾಕು ಡ್ರೈವಿಂಗ್ ಕಲಿತು ಹಳೆಯ ಕಾರೊಂದನ್ನು ಕೊಂಡರು. ಅಂದಿನಿಂದ ಚಾವಿ ಅವರ ಸೊಂಟದಲ್ಲಿ. ಕಾಕಾನಿಗೆ ಗಾಡಿ ಬೇಕಾದರೆ ಕೇಳಿಯೇ ಒಯ್ಯಬೇಕು.

ಒಂದು ಸಲ ಹಾಗೆ ಕೇಳಿ, ಮಮದಾಪುರಕ್ಕೆ ಹೋಗಿ ಬಂದರು. ಮರುದಿನ ಬೆಳಿಗ್ಗೆ ಕಾಕು ರೊಟ್ಟಿ ತುಂಬಿಕೊಂಡು ಹೊರಟಾಗ, ಕಣಗಲಾ ಇನ್ನೂ ದೂರವಿರುವಾಗಲೇ ಬಾನೆಟ್ಟಿನಿಂದ ಹಬೆ ಎದ್ದಿತು. ಇಂಜಿನ್ ತಂಪಿಡುವ ನೀರಿನ ಪೈಪು ಒಡೆದಿತ್ತು. ಗಾಡಿಯನ್ನು ಗೋಕಾಕದ ಗ್ಯಾರೇಜಿಗೆ ಎಳೆಸಿ ತಂದರು. ಸುದ್ದಿ ತಿಳಿದು ಕಾಕಾನೂ ನಾನೂ ಅಲ್ಲಿಗೆ ಹೋದೆವು. ಮೇಸ್ತ್ರಿ ಹೆಡ್ ಬಿಚ್ಚಿದ. ಹೆಡ್ ಎಂದರೆ ಇಂಜಿನ್ನಿನ ಮೇಲಿನ ಅಲ್ಯುಮಿನಿಯಂ ಮುಚ್ಚಳ, ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರದ್ದು. ಅದರ ಎರಡು ವಾಲ್ವುಗಳ ನಡುವೆ ಕೂದಲೆಳೆಯಂಥ ಒಂದು ಗೆರೆ ತೋರಿಸಿದ.

“ಕ್ರ್ಯಾಕ್ ಬಂದೈತ್ರಿ. ಹೆಡ್ಡ ಬದಲ ಮಾಡಬೇಕು. ಈ ಗಾಡಿಗೆ ಹೊಸಾದು ಈಗ ಎಲ್ಲೂ ಸಿಗೂದಿಲ್ಲ.”

“ಹಂಗಾರ ಗುಜರಿಗೆ ಹಾಕೂದು,” ಎಂದರು ಕಾಕಾ, ಆ ಮಾತಿಗೇ ಕಾದಿದ್ದವರ ಹಾಗೆ. “ಹೆಣಮಕ್ಕಳ ಕೈಯಾಗ ಗಾಡಿ ಕೊಟ್ರ ನೀರು ನೋಡಂಗಿಲ್ಲ, ಕಾವಿನ ಮುಳ್ಳು ನೋಡಂಗಿಲ್ಲ. ನಾಳಿಂದ ಬಸ್ಸಿಗೆ ಹಾಕ್ ನಿನ್ನ ರೊಟ್ಟಿ.”

“ಮುಳ್ಳು ಕೆಂಪಿಗೆ ಮುಟ್ಟಿದ ಕೂಡ್ಲೆ ನಿಂದರಿಸೇನ್ರಿ,” ಎಂದರು ಕಾಕು.

“ನೋಡಿದವ್ರ ಯಾರು?”

ನಾನು ನಡುವೆ ನುಗ್ಗಿದೆ. ಗೆರೆ ಎಂದರೆ ಬಿರುಕೇ ಏಕೆ? ಮಸಿ ಕೆರೆಯುವಾಗ ಬಿದ್ದ ಗೀರು ಏಕಲ್ಲ? ಮೇಸ್ತ್ರಿ ತನ್ನ ಅನುಭವ ಹೇಳಿದ. ಅನುಭವ ಸಾಕ್ಷಿಯಲ್ಲ ಎಂದೆ.

“ಬಂದ್ಳು ನೋಡ್ರಿ ವಕೀಲವ್ವ,” ಎಂದರು ಕಾಕಾ. “ಬಾಯಿಲೇ ಇಂಜಿನ್ ಚಾಲೂ ಆಗೂದಿದ್ರ ಡೀಸೆಲ್ ಯಾಕ ಬೇಕಿತ್ತು?”

ಗ್ಯಾರೇಜಿನವರೆಲ್ಲ ನಕ್ಕರು. ಇಷ್ಟೆಲ್ಲ ಮಾತಾಡಿದ ನಾನು ಆ ಹೆಡ್ಡನ್ನು ಮುಟ್ಟಿಯೂ ನೋಡಿರಲಿಲ್ಲ.

ಕಾಕು ಅಷ್ಟರಲ್ಲಿ ಬಿಚ್ಚಿಟ್ಟ ಸಾಮಾನಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಒಡೆದ ಪೈಪನ್ನು ತಿರುಗಿಸಿ ನೋಡಿದರು. ಸೀಳಿನ ಮೇಲೆ ಯಾರೋ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದಿದ್ದರು. ಕಾಕು ಅದನ್ನು ಚೀಲಕ್ಕೆ ಹಾಕಿಕೊಂಡು, ಹೆಡ್ಡನ್ನು ರೊಟ್ಟಿಯ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗಿಟ್ಟು, “ನಡಿಯವ್ವಾ, ಮೂಡಲಗಿಗೆ ಹೋಗೂನು” ಎಂದರು. ಅಲ್ಲಿ ಲೇತ್ ಮಶೀನಿನ ಮೇಲೆ ಇಂಜಿನ್ ಭಾಗಗಳನ್ನು ಸರಿಮಾಡುವ ಹಳೆಯ ಅಜ್ಜನೊಬ್ಬ ಇದ್ದಾರೆಂದು ಧಾಬಾದ ಲಾರಿಯವರಿಂದ ಅವರು ಕೇಳಿದ್ದರು.

ಅಜ್ಜ ಹೆಡ್ಡಿನ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು, ಅದರಡಿಯಲ್ಲಿ ಕಾಗದದಷ್ಟು ತೆಳುವಾದ ತಗಡು ತೂರಿಸಲು ನೋಡಿದರು. ಅದು ಹೋಗಲಿಲ್ಲ.

“ಗಾಡಿ ಹೊಡೀತಿದ್ದವ್ರ ಯಾರು?”

“ನಾನ ರೀ.”

“ಲಗೂನ ನಿಂದರಿಸೀರಿ. ಇನ್ನೊಂದೀಟು ಓಡಿಸಿದ್ರ ಇದು ಹಪ್ಪಳದಂಗ ಸೊಟ್ಟ ಆಕ್ಕಿತ್ತು.”

ಅಲ್ಲಿಯವರೆಗೂ ನಿಂತೇ ಇದ್ದ ಕಾಕು ಸ್ಟೂಲ್ ಎಳೆದುಕೊಂಡು ಕುಳಿತರು. ಅವರಿಗೆ ಸಾಕ್ಷಿ ಸಿಕ್ಕಿತ್ತು.

ಉಳಿದದ್ದು ಗೆರೆ. ಅದರ ಮೇಲೆ ಚಿಮಣಿ ಎಣ್ಣೆ ಸುರಿದು, ಸ್ವಲ್ಪ ಹೊತ್ತು ಬಿಟ್ಟು, ಒಣಗುವಂತೆ ಒರೆಸಿ, ಖಡು, ಅಂದರೆ ಸೀಮೆಸುಣ್ಣ, ತಿಕ್ಕಬೇಕು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳುಪಿನಲ್ಲಿ ಕಪ್ಪು ಗೆರೆ ಎಳೆಯುತ್ತದೆ. ಆದರೆ ಅಜ್ಜನ ಡಬ್ಬಿಯಲ್ಲಿ ಖಡು ತೀರಿತ್ತು. ಕಾಕು ಚೀಲದಿಂದ ವಿಭೂತಿ ಗಟ್ಟಿ ತೆಗೆದರು. ಅಜ್ಜ ಹಿಂಜರಿದರು.

“ಕಾಯಕಕ್ಕ ಬಾ ಅಂದ್ರ ಇಭೂತಿ ಒಲ್ಲೆ ಅಂತೈತೇನ್ರಿ? ಹಚ್ರಿ,” ಎಂದರು ಕಾಕು.

ನನಗೆ ಆಗಲೂ ಸಮಾಧಾನವಿಲ್ಲ. “ಅಜ್ಜಾರ, ಬೆಳ್ಳಗ ಉಳಿದ್ರ ಬಿರುಕಿಲ್ಲ ಅಂತ ಹೆಂಗ ನಂಬೂದು? ಇಭೂತಿಗೆ ಕಪ್ಪ ಆಗಾಕ ಬರದಿದ್ರ? ಮೊದಲ ಒಡದದ್ದಕ್ಕ ಹಚ್ಚಿ ತೋರಸ್ರಿ.”

“ಇಷ್ಟ ವರ್ಷದಾಗ ಯಾರೂ ಇದನ್ನ ಕೇಳಿಲ್ಲವ್ವಾ,” ಎಂದು ಅಜ್ಜ ಹಿತ್ತಲಿನ ರಾಶಿಯಿಂದ ನಿಜವಾಗಿಯೂ ಸೀಳಿದ್ದ ಬೇರೊಂದು ಹೆಡ್ ಹೊತ್ತು ತಂದರು. ಎರಡಕ್ಕೂ ಎಣ್ಣೆ, ಎರಡಕ್ಕೂ ವಿಭೂತಿ. ಚಹಾ ಬಂತು. ಯಾರೂ ಕುಡಿಯಲಿಲ್ಲ. ಒಡೆದ ಹೆಡ್ಡಿನ ಬಿಳುಪಿನಲ್ಲಿ ಮೊದಲೊಂದು ಚುಕ್ಕೆ, ಆಮೇಲೆ ಎಳೆ, ಆಮೇಲೆ ಸ್ಪಷ್ಟವಾದ ಕಪ್ಪು ಗೆರೆ ಹರಿಯಿತು. ಕಾಕುವಿನದು ಬೆಳ್ಳಗೇ ಉಳಿಯಿತು. ಇನ್ನಷ್ಟು ಹೊತ್ತು ಕಾದೆವು. ಬೆಳ್ಳಗೇ ಇತ್ತು. ಒಳಗಿನ ನೀರಿನ ದಾರಿಗಳಿಗೂ ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ.

“ಗೀರು!” ಎಂದು ನಾನು ಕೂಗಿದ್ದು ಬಾಜೂ ಅಂಗಡಿಗೂ ಕೇಳಿಸಿರಬೇಕು. ಕಾಕು ನಕ್ಕು ಬೆರಳಿಗೆ ಅಂಟಿದ್ದ ವಿಭೂತಿಯನ್ನು ನನ್ನ ಹಣೆಗೆ ಎಳೆದರು. ನಾನು ಹಚ್ಚಿಕೊಳ್ಳುವವಳಲ್ಲ. ಅಂದು ಒರೆಸಿಕೊಳ್ಳಲಿಲ್ಲ, ಚಿಮಣಿ ಎಣ್ಣೆಯ ವಾಸನೆ ಬರುತ್ತಿದ್ದರೂ.

ಅಜ್ಜ ಹೆಡ್ಡಿನ ಮೈಯನ್ನು ತುಸುವೇ ಉಜ್ಜಿ ನುಣುಪು ಮಾಡಿ ಕೊಟ್ಟರು. ಗೋಕಾಕದ ಮೇಸ್ತ್ರಿ ಅದನ್ನೇ ಕೂಡಿಸಿ, ಹೊಸ ಪೈಪು ಹಾಕಿ, “ನನ್ನ ಕಣ್ಣಿಗೆ ಬಿರುಕ ಕಂಡಿತ್ರಿ, ತಪ್ಪಾತು” ಎಂದು ಚಾವಿಯನ್ನು ಕಾಕಾನ ಚಾಚಿದ ಕೈ ದಾಟಿಸಿ ಕಾಕುವಿಗೇ ಕೊಟ್ಟ. ಇಂಜಿನ್ ಒಂದೇ ಸುತ್ತಿಗೆ ಚಾಲೂ ಆಯಿತು.

ಮರುದಿನ ನಾವು ಮೂವರೂ ಹುಕ್ಕೇರಿಗೆ ಹೊರಟೆವು. ಕಾಕು ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ, ಕಾಕಾ ಹಿಂದಿನ ಸೀಟಿನಲ್ಲಿ ರೊಟ್ಟಿಯ ಗಂಟುಗಳ ನಡುವೆ. ಗಾಡಿ ಕೆಟ್ಟಿದ್ದ ಜಾಗ ದಾಟಿದೆವು. ಮುಳ್ಳು ನಡುವಿನಿಂದ ಅಲುಗಲಿಲ್ಲ. ಕಾಕಾ ಆಗಲೇ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: “ಇಕಿ ಇಂಜಿನ್ ಸುಟ್ಟಿದ್ಳೋ. ಇಭೂತಿ ಉಳಿಸ್ತು ನೋಡು.”

ಕಾಕಾ ಫೋನ್ ಇಟ್ಟರು. ಕಾಕು ಗಾಡಿ ಬದಿಗೆ ನಿಲ್ಲಿಸಿ, ಚೀಲದಿಂದ ಹಳೆಯ ಪೈಪನ್ನು ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟರು. ನಮ್ಮ ಮನೆಯಲ್ಲಿ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವವರು ಒಬ್ಬರೇ. ಔಷಧ ಹೊಡೆಯುವ ಪಂಪಿಗೂ ಅದೇ, ಟಾರ್ಚಿಗೂ ಅದೇ, ತಮ್ಮ ಚಷ್ಮಾದ ಕಡ್ಡಿಗೂ ಅದೇ.

ನಾನು ಹಿಂದಕ್ಕೆ ತಿರುಗಿದೆ.

“ಕಾಕಾ, ಗಾಡಿ ಕೆಡೂ ಹಿಂದಿನ ದಿನ ಮಮದಾಪುರದ ಹಾದ್ಯಾಗ ಮುಳ್ಳು ಎಲ್ಲಿಮಟ ಏರಿತ್ರಿ?”