ಕೆಂಪು ಕಲ್ಲಿನ ಗ್ಯಾರೇಜಿಗೆ ಬೆಳಕು

ನಮ್ಮ ಮನೆಯವರು ಔರಾದದಲ್ಲಿ ಮೂವತ್ತು ವರ್ಷ ಸ್ಕೂಟರ್ ರಿಪೇರಿ ಮಾಡಿದವರು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಮೂರೇ ಗೋಡೆಯ ತಗಡಿನ ಅಂಗಡಿ, ಅದರ ಮುಂದೆ ಒಂದು ಬೇವಿನ ಮರ. ಸಾಮಾನು ಇಡುವುದಕ್ಕೆ ಅಂಗಡಿ, ಕೆಲಸಕ್ಕೆ ಮರದ ಕೆಳಗಿನ ಜಾಗ. ಬಿಸಿಲು ಇಳಿದರೆ ಅವರೂ ಕೈ ತೊಳೆದುಕೊಂಡು ಎದ್ದುಬಿಡುತ್ತಿದ್ದರು. ದೀಪ ಹಚ್ಚಿಕೊಂಡು ಕೆಲಸ ಮಾಡುವ ಅಭ್ಯಾಸವೇ ಅವರಿಗಿರಲಿಲ್ಲ.

ನಾನು ಆಗ ಸಂತಪುರದ ಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಬೀದರಿಗೆ ವರ್ಗವಾದ ಮೇಲೆ ಅಲ್ಲಿಯ ನೌಬಾದದಲ್ಲಿ ಒಂದು ಹಳೆಯ ಮನೆ ಕೊಂಡೆವು. ಅವರು ಔರಾದದ ಅಂಗಡಿ ಮುಚ್ಚಿ ನನ್ನ ಜೊತೆ ಬಂದರು. ಮನೆಯ ಮೊದಲಿನ ಮಾಲೀಕರು ಕಾರಿಗೆಂದು ಕಟ್ಟಿಸಿದ್ದ ಗ್ಯಾರೇಜ್ ಇತ್ತು. ನಮಗೆ ಕಾರಿರಲಿಲ್ಲ. ಅಲ್ಲಿ ಅವರು ತಮ್ಮ ಪೆಟ್ಟಿಗೆ, ನಟ್ಟು ಬಿಚ್ಚುವ ಪಾನಾಗಳು, ಕೆಲಸಕ್ಕೆ ಮೇಜಿನಂಥ ಒಂದು ಕಟ್ಟಿಗೆಯ ಬೆಂಚು ಇಟ್ಟುಕೊಂಡು ಪರಿಚಯದವರ ಗಾಡಿಗಳನ್ನಷ್ಟೇ ನೋಡತೊಡಗಿದರು. ಗಿಲಾವು ಮಾಡಿರದ ಕೆಂಪು ಕಲ್ಲಿನ ಗೋಡೆ, ಕಿಟಕಿ ಇಲ್ಲ, ಶಟರ್ ತೆರೆದರೆ ಎದುರಿಗೆ ಬೇರೆಯವರ ಎರಡಂತಸ್ತಿನ ಮನೆ. ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ಸಂಜೆಯಂತೆ ಇರುತ್ತಿತ್ತು. ಛತ್ತಿನ ನಡುವೆ ಒಂದೇ ಒಂದು ಹಳದಿ ಬಲ್ಬು.

ನೌಬಾದಕ್ಕೆ ಬಂದ ವರ್ಷವೇ ಅವರ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಪೇಪರಿನ ಸಣ್ಣ ಅಕ್ಷರ ಓದಿ ನನಗೆ ಹೇಳುತ್ತಿದ್ದರು. ಹಾಗಾಗಿ ಮುಂದೆ ಆದದ್ದಕ್ಕೂ ಕಣ್ಣಿಗೂ ಸಂಬಂಧ ಇರಬಹುದು ಎಂದು ನಾವಿಬ್ಬರೂ ಬಹಳ ದಿನ ಯೋಚಿಸಲೇ ಇಲ್ಲ.

ಆದದ್ದು ಇಷ್ಟು. ಭಾಲ್ಕಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಗೆಳೆಯರೊಬ್ಬರು ತಮ್ಮ ಹಳೆಯ ಸ್ಕೂಟರನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಒಂದು ದಿನ ಬಂದು ಬ್ರೇಕಿನ ಕೇಬಲ್ ಬದಲಿಸಿಕೊಂಡು ಹೋದರು. ಭಾಲ್ಕಿ ಹತ್ತಿರ ರೈಲ್ವೆ ಗೇಟು ಹಾಕಿತ್ತಂತೆ. ಬ್ರೇಕ್ ಒತ್ತಿದರೆ ಸಿಗಲಿಲ್ಲ. ಕಾಲು ನೆಲಕ್ಕೆ ಎಳೆಯುತ್ತ, ಮುಂದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಂದು ತಾಗಿ ನಿಂತರು. ಚಪ್ಪಲಿ ಹರಿಯಿತು, ಮೊಣಕಾಲು ತರಚಿತು, ಅಷ್ಟೇ. ಕೇಬಲ್ಲನ್ನು ಹಿಡಿದಿಡುವ ಪುಟ್ಟ ಪಿನ್ನು ತೂತಿನೊಳಗೆ ಹೋಗದೆ ಪಕ್ಕದಲ್ಲಿ ಸಿಕ್ಕಿಕೊಂಡಿತ್ತು, ದಾರಿಯಲ್ಲಿ ಉದುರಿತ್ತು. ಗೆಳೆಯರು ಫೋನಿನಲ್ಲಿ ಒಂದು ಮಾತೂ ಜೋರಾಗಿ ಆಡಲಿಲ್ಲ.

"ನನಗೇನೂ ಆಗಿಲ್ಲ. ನೀ ಮನಸ್ಸಿಗಿ ಹಚ್ಚಿಕೋಬ್ಯಾಡ" ಅಂದರು.

ಬೈದಿದ್ದರೆ ನಮ್ಮವರಿಗೆ ಹಗುರಾಗುತ್ತಿತ್ತೇನೋ. ಮರುದಿನ ಅವರು ಶಟರ್ ಎಳೆದು ಬೀಗ ಹಾಕಿದರು. ಯಾಕೆ ಎಂದು ಕೇಳಿದೆ.

"ಒಳಗ ಏನೂ ಕಾಣಂಗಿಲ್ಲ. ಬಾವ್ಯಾಗ ಕೂತಂಗ ಆಗ್ತದ. ಆ ಬಲ್ಬಿನ್ಯಾಗ ಯಾವ ಕೆಲಸ ಮಾಡ್ಲಿ?"

ಒಂದು ತಿಂಗಳು ಅವರು ಹೊರಕೋಣೆಯಲ್ಲಿ ಟಿವಿ ಮುಂದೆ ಕೂತರು. ನಾನು ಶಾಲೆಯಿಂದ ಬಂದರೆ ಅದೇ ಕುರ್ಚಿ, ಅದೇ ಭಂಗಿ. ಮೂವತ್ತು ವರ್ಷ ಕೈಗೆ ಗ್ರೀಸ್ ಮೆತ್ತಿಕೊಂಡೇ ಇದ್ದ ಮನುಷ್ಯ ಉಗುರು ನೋಡಿಕೊಳ್ಳುತ್ತ ಕೂರುವುದು ನನಗೆ ಸಹಿಸಲಾಗಲಿಲ್ಲ. ಬಲ್ಬೇ ತಪ್ಪಾದರೆ ಬಲ್ಬು ಬದಲಿಸಿದರಾಯಿತು ಎಂದು ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಪೇಟೆಯ ಕರೆಂಟ್ ಸಾಮಾನಿನ ಅಂಗಡಿಗೆ ಹೋದೆ.

"ಗ್ಯಾರೇಜಿಗೇನ್ರಿ ಮೇಡಂ? ಹಂಗಾದ್ರ ಫ್ಲಡ್ ಲೈಟ್ ಒಯ್ರಿ" ಎಂದರು ಅಂಗಡಿಯವರು. "ಕ್ರಿಕೆಟ್ ಮೈದಾನಕ್ಕ ಹಾಕ್ತಾರ್ರಿ ಇದು. ಸೂಜಿ ಬಿದ್ರೂ ಕಾಣ್ತದ."

ಸೂಜಿ ಎಂದ ಮಾತಿಗೇ ನಾನು ಒಪ್ಪಿದೆ. ಪಕ್ಕದ ಮನೆಯವರನ್ನು ಕರೆದು, ಹಳೆಯ ಬಲ್ಬಿನ ಜಾಗದಲ್ಲಿಯೇ ಅದನ್ನು ಕಟ್ಟಿಸಿದೆ. ಸ್ವಿಚ್ ಹಾಕಿದರೆ ನೀಲಿ ಬೆರೆತ ಬಿಳಿ ಬೆಳಕು ಕಣ್ಣಿಗೆ ಹೊಡೆಯಿತು. ನಮ್ಮವರು ಬೆಂಚಿನ ಮುಂದೆ ಹತ್ತು ನಿಮಿಷ ಕೂತರು, ಎದ್ದು ಬಂದು ಆರಿಸಿದರು.

"ಮೊದಲಿಗಿಂತ ಖರಾಬ ಅದ. ಕಣ್ಣಿಗಿ ಮಂಜು ಕವದಂಗ ಆಗ್ತದ. ಅದರ ಮ್ಯಾಲ ನನ್ನ ನೆರಳು ನನ್ನ ಕೆಲಸದ ಮ್ಯಾಲೇ ಬೀಳ್ತದ."

"ಮಾಡೋ ಮನಸ್ಸಿಲ್ಲ ಅಂತ ಹೇಳ್ರಿ, ಸಾಕು" ಎಂದೆ ನಾನು. ಆ ಮಾತು ಆಡಬಾರದಿತ್ತು. ಎರಡು ದಿನ ನಮ್ಮಿಬ್ಬರ ನಡುವೆ ಊಟಕ್ಕೆ ಕರೆಯುವಷ್ಟೇ ಮಾತು.

ಮೂರನೆಯ ದಿನ ಅಡುಗೆಮನೆಯ ಫ್ಯಾನ್ ನೋಡಲು ವೈರ್‌ಮನ್ ಬಂದರು. ಬೀದರಿನ ಹಳೆಯ ಊರಿನವರು, ನಮ್ಮವರದೇ ವಯಸ್ಸು. ಮನೆಯಲ್ಲಿ ದಖನಿ ಉರ್ದು ಆಡುವವರು, ನಮ್ಮ ಹತ್ತಿರ ಕನ್ನಡ. ಹೋಗುವ ಮೊದಲು ಗ್ಯಾರೇಜ್ ತೋರಿಸಿದೆ. ಅವರು ಛತ್ತಿನ ಕಡೆ ನೋಡಲೇ ಇಲ್ಲ. ಇವರನ್ನು ಕರೆದು, "ನೀವು ಎಲ್ಲಿ ಕೂಡ್ತೀರಿ ಭಾಯಿ? ಕೂಡ್ರಿ. ಕೈಯ್ಯಾಗ ಪಾನಾ ಹಿಡೀರಿ" ಎಂದರು. ಶಟರ್ ಇಳಿಸಿ ದೀಪ ಹಾಕಿದರು. ಇವರ ಬೆನ್ನ ಹಿಂದಿನಿಂದ ಬಂದ ಬೆಳಕಿಗೆ ತಲೆಯ ನೆರಳು ಸರಿಯಾಗಿ ಬೆಂಚಿನ ಮೇಲೆ, ಪಾನಾ ಹಿಡಿದ ಕೈಯ ಮೇಲೆ ಬಿತ್ತು.

"ಬೆಳಕು ಕಮ್ಮಿ ಇಲ್ರಿ. ಜಾಗಾ ಗಲತ್ ಅದ" ಎಂದರು ವೈರ್‌ಮನ್. "ಒಂದ ಕಡಿಂದ ಬಂದ್ರ ನೆರಳು ಬೀಳೂದ. ಎಡಕ್ಕೊಂದು ಬಲಕ್ಕೊಂದು ಉದ್ದನ್ನ ಪಟ್ಟಿ ಹಾಕಮು. ಒಂದರ ನೆರಳು ಇನ್ನೊಂದು ತಿಂತದ. ಬೆಂಚಿನ ಮ್ಯಾಲಿಂದು ಬೆನ್ನ ಹಿಂದ ಬ್ಯಾಡ, ಮುಂದ ಬರಬೇಕು."

ನನಗೆ ನಾಚಿಕೆಯಾಯಿತು. ಬೆಳಕು ಮತ್ತು ನೆರಳಿನ ಪಾಠವನ್ನು ವರ್ಷವೂ ಮಕ್ಕಳಿಗೆ ಹೇಳುವವಳು ನಾನು. ಮೇಣದಬತ್ತಿ ಹಚ್ಚಿ, ಡಬ್ಬಿ ಇಟ್ಟು, ಗೋಡೆಯ ಮೇಲೆ ನೆರಳು ತೋರಿಸುತ್ತೇನೆ. ನನ್ನ ಮನೆಯ ಗ್ಯಾರೇಜಿಗೆ ಮೈದಾನದ ದೀಪ ತಂದಿದ್ದೆ.

ವೈರ್‌ಮನ್ ತಾವೇ ನನ್ನ ಜೊತೆ ಅಂಗಡಿಗೆ ಬಂದರು. ನಾಲ್ಕು ಅಡಿ ಉದ್ದದ ಎಲ್ಇಡಿ ಪಟ್ಟಿಗಳು ಬೇಕಾದಷ್ಟಿದ್ದವು, ಆದರೆ ಎಲ್ಲವೂ ಅದೇ ನೀಲಿ ಬಿಳುಪು. ಬೆಳಕಿನ ಬಣ್ಣಕ್ಕೂ ಒಂದು ಸಂಖ್ಯೆ ಇರುತ್ತದೆ ಎಂದು ನನಗೆ ಆ ದಿನ ತಿಳಿಯಿತು. ಹಳೆಯ ಬಲ್ಬಿನ ಹಳದಿ ಮೂರು ಸಾವಿರದ ಕೆಳಗೆ, ನಾನು ತಂದದ್ದು ಆರೂವರೆ ಸಾವಿರ. ವೈರ್‌ಮನ್ ಕೇಳಿದ್ದು ನಡುವಿನದು, ನಾಲ್ಕು ಸಾವಿರದ್ದು. ಅಂಗಡಿಯವರು, "ಅದಕ್ಯಾರೂ ಗಿರಾಕಿ ಇಲ್ರಿ, ಹೈದರಾಬಾದಿನಿಂದ ತರಿಸಬೇಕು" ಎಂದರು. ತರಿಸಿ ಎಂದೆವು. ವೈರ್‌ಮನ್ ಇನ್ನೊಂದು ಕೆಲಸ ಮಾಡಿದರು. ಜೇಬಿನಿಂದ ಕೆಂಪು ವೈರು, ಕಂದು ವೈರು ಎರಡರ ತುಂಡು ತೆಗೆದು ಅಂಗಡಿಯಲ್ಲಿ ಉರಿಯುತ್ತಿದ್ದ ಒಂದು ಅಗ್ಗದ ಪಟ್ಟಿಯ ಕೆಳಗೆ ಹಿಡಿದರು. ಎರಡೂ ಒಂದೇ ಬಣ್ಣದಂತೆ ಕಂಡವು. ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದರೆ ಬೇರೆ ಬೇರೆ.

"ಗಾಡಿ ವೈರಿಂಗ್ ಮಾಡವ್ರಿಗಿ ಇದು ನೋಡಬೇಕಾಗ್ತದ್ರಿ. ಡಬ್ಬಿ ಮ್ಯಾಲ ಸಿಆರ್‌ಐ ಅಂತ ಬರ್ದಿರ್ತದ, ಬಣ್ಣ ಎಷ್ಟ ಖರೆ ಕಾಣ್ತದ ಅಂಬ ನಂಬರು ಅದು. ತೊಂಬತ್ತರ ಮ್ಯಾಲಿಂದ ತರಸ್ರಿ."

ಪಟ್ಟಿಗಳು ಬರುವಷ್ಟರಲ್ಲಿ ಗೋಡೆಗೆ ಸುಣ್ಣ ಬಳಿಯಬೇಕು ಎಂದೂ ಹೇಳಿ ಹೋದರು. ಕೆಂಪು ಕಲ್ಲು ಎಷ್ಟು ಬೆಳಕು ಕೊಟ್ಟರೂ ಕುಡಿದುಬಿಡುತ್ತದಂತೆ.

"ಗ್ಯಾರೇಜ್ ಏನು ಮದುವಿ ಮನಿಯೇನು?" ಎಂದರು ಇವರು.

ಭಾನುವಾರ ನಾನೇ ಬಕೆಟ್ಟಿನಲ್ಲಿ ಸುಣ್ಣ ಕಲಸಿ ಶುರು ಮಾಡಿದೆ. ಅರ್ಧ ಗೋಡೆ ಆಗುವ ಹೊತ್ತಿಗೆ, ಬ್ರಷ್ಷು ಹಿಡಿಯುವ ರೀತಿ ಸರಿಯಿಲ್ಲ ಎಂದು ಬಂದು ಕಿತ್ತುಕೊಂಡರು. ಮಧ್ಯಾಹ್ನದ ತನಕ ಇಬ್ಬರೂ ಬಳಿದೆವು. ಮಾತು ಅಲ್ಲಿಂದ ಮತ್ತೆ ಹತ್ತಿತು.

ಪಟ್ಟಿ ಹಾಕುವ ದಿನ ನಾನು ರಜೆ ತೆಗೆದುಕೊಂಡೆ. ಡ್ರಿಲ್ ಮಾಡುವಾಗ ಎರಡು ಕಡೆ ಕಬ್ಬಿಣದ ಸಲಾಕೆ ಅಡ್ಡ ಬಂತು, ಗುರುತು ಸರಿಸಿಕೊಳ್ಳಬೇಕಾಯಿತು. ಹಳೆಯ ಪ್ಲಗ್ ಬಿಚ್ಚಿದರೆ ಅದಕ್ಕೆ ಅರ್ಥಿಂಗ್ ವೈರೇ ಇರಲಿಲ್ಲ. ವೈರ್‌ಮನ್ ಮೀಟರಿನ ತನಕ ಹೊಸ ವೈರು ಎಳೆದರು. ಇವರು ಏಣಿ ಹಿಡಿದು ನಿಂತಿದ್ದರು. ಛತ್ತಿಗೆ ಎಡಬಲ ಎರಡೆರಡು ಪಟ್ಟಿ, ಬೆಂಚಿನ ಮುಂದೆ ಗೋಡೆಗೆ ಒಂದು, ಎರಡು ಸ್ವಿಚ್ಚು. ಶಟರ್ ಇಳಿಸಿ ಹಾಕಿ ನೋಡಿದೆವು. ಎಲ್ಲಿಯೂ ಕಣ್ಣಿಗೆ ಹೊಡೆಯದ ಬೆಳಕು. ಬೆಂಚಿನ ಮರದ ಗೆರೆಗಳು ಕಾಣುತ್ತಿದ್ದವು. ಕೈ ಚಾಚಿದರೆ ನೆರಳು ಇದೆಯೋ ಇಲ್ಲವೋ ಅನ್ನುವಷ್ಟು ತೆಳು.

ನಮ್ಮವರು ಬೆಂಚಿಗೆ ಕೂತು ಒಂದು ಹಳೆಯ ಕೇಬಲ್ಲು, ಅಂಥದೇ ಒಂದು ಪಿನ್ನು ಕೈಗೆ ತೆಗೆದುಕೊಂಡರು. ಪಿನ್ನು ತೂತಿಗೆ ಹೋಗಲಿಲ್ಲ. ಮತ್ತೊಮ್ಮೆ, ಮಗದೊಮ್ಮೆ ಪ್ರಯತ್ನಿಸಿದರು. ಆಮೇಲೆ ತಲೆಯೆತ್ತಿ ಪಟ್ಟಿಯ ಕಡೆ ನೋಡಿ ಬಲಗಣ್ಣು ಮುಚ್ಚಿದರು. ಅದನ್ನು ತೆರೆದು ಎಡಗಣ್ಣು ಮುಚ್ಚಿದರು. ಹೀಗೆ ನಾಲ್ಕೈದು ಸಲ.

"ಲೈಟ್ ಛಲೋ ಆಗ್ಯದ ಭಾಯಿ" ಎಂದು ವೈರ್‌ಮನ್‌ಗೆ ಹೇಳಿ ಗೇಟಿನ ತನಕ ಹೋಗಿ ಕಳಿಸಿ ಬಂದರು. ಬಂದು ನನ್ನ ಪಕ್ಕ ನಿಂತರು.

"ಬಲಗಣ್ಣಿಗಿ ಆ ಪಟ್ಟಿ ಸುತ್ತ ಹೊಗಿ ಕಾಣ್ತದ. ಎಡಗಣ್ಣಿಗಿ ಇಲ್ಲ."

"ಎಷ್ಟ ದಿನದಿಂದ?"

"ಯಾರಿಗಿ ಗೊತ್ತು. ಒಳಗ ಕತ್ತಲಿತ್ತು, ಬಲ್ಬಿಂದ ಅಂತ ತಿಳ್ಕೊಂಡಿದ್ದೆ."

ಆಪರೇಷನ್ ಆದ ಕಣ್ಣು ಅದು. ಮಂಜು ಕವಿದಂತೆ ಆಗುತ್ತದೆ ಎಂದು ಅವರು ಫ್ಲಡ್ ಲೈಟ್ ಹಾಕಿದ ದಿನವೇ ಹೇಳಿದ್ದರು, ನಾನು ನೆಪ ಎಂದುಕೊಂಡಿದ್ದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅವರು ಮೂರು ದಿನ ಮುಂದೂಡಿದರು. ಕೊನೆಗೆ ಹೇಳಿಯೇಬಿಟ್ಟರು: "ಕಣ್ಣು ಹೋಗ್ಯದ ಅಂದ್ರ ಏನ್ ಮಾಡ್ಲಿ? ಬಲ್ಬ್ ಆದ್ರ ಬದಲಿ ಮಾಡಬಹುದು."

ಕಣ್ಣಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಯಂತ್ರಕ್ಕೆ ಗದ್ದ ಇಡಿಸಿ ಬಹಳ ಹೊತ್ತು ನೋಡಿದರು.

"ಹಾಕಿದ ಲೆನ್ಸ್ ಛಲೋ ಅದ್ರಿ. ಅದರ ಹಿಂದಿನ ಪರದಿ ಮಬ್ಬಾಗ್ಯದ. ಎಷ್ಟೋ ಮಂದಿಗಿ ಆಗ್ತದ. ಲೇಸರ್‌ಲಿಂದ ಸಣ್ಣ ಕಿಟಕಿ ಮಾಡಿದ್ರ ಆಯ್ತು, ಕೊಯ್ಯೂದಿಲ್ಲ."

"ಬ್ಯಾರೆ ಏನಿಲ್ರಿ?" ಎಂದು ಇವರು ಎರಡು ಸಲ ಕೇಳಿದರು. ಬೇರೇನೂ ಇಲ್ಲ ಎಂದು ಅವರು ಎರಡು ಸಲವೂ ಹೇಳಿದರು.

ಮರುದಿನ ಲೇಸರ್ ಆಯಿತು. ನಾನು ಹೊರಗೆ ಬೆಂಚಿನ ಮೇಲೆ ಕೂತು ನೀರಿನ ಬಾಟಲಿಯ ಮುಚ್ಚಳ ತೆರೆಯುವಷ್ಟರಲ್ಲಿ ಬಂದುಬಿಟ್ಟರು. ಆ ಸಂಜೆ ಏನೂ ಸರಿ ಕಾಣಲಿಲ್ಲ, ಹನಿ ಹಾಕಿದ್ದರು. ಅದರ ಮರುದಿನ ಬೆಳಿಗ್ಗೆ ನಾನು ಶಾಲೆಗೆ ಸೀರೆ ಉಡುತ್ತಿದ್ದಾಗ ಗ್ಯಾರೇಜಿನ ಶಟರ್ ಎತ್ತುವ ಸದ್ದು ಕೇಳಿತು. ಹೋಗಿ ನೋಡಿದರೆ ಐದೂ ಪಟ್ಟಿ ಉರಿಯುತ್ತಿದ್ದವು. ಪಿನ್ನು ತೂತಿನಲ್ಲಿ ಕೂತಿತ್ತು. ಅವರು ಅದನ್ನು ತೆಗೆದು ಮತ್ತೆ ಹಾಕುತ್ತಿದ್ದರು.

ಭಾಲ್ಕಿಯ ಗೆಳೆಯರಿಗೆ ಅವರೇ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದರು. ಗೆಳೆಯರು ಗಿರಣಿಗೆ ರಜೆ ಹಾಕಿ ಸ್ಕೂಟರ್ ತಂದರು. ಬ್ರೇಕ್ ಆಗಲೇ ಭಾಲ್ಕಿಯಲ್ಲಿ ಸರಿ ಮಾಡಿಸಿಕೊಂಡಿದ್ದರು, ಆದರೂ ತಂದರು. ಇವರು ಎಲ್ಲ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ತಾವೇ ನೌಬಾದದ ಇಳಿಜಾರಿನಲ್ಲಿ ಓಡಿಸಿ ನಿಲ್ಲಿಸಿ ನೋಡಿ ಕೊಟ್ಟರು. "ನನ್ನ ತಪ್ಪಿತ್ತು" ಎಂದು ಒಂದೇ ಸಲ ಅಂದರು. ಗೆಳೆಯರು, "ಆಯ್ತು ಬಿಡು, ಚಾ ಕುಡಿಯಮು" ಎಂದರು.

ಈಗ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಬೆಳಕಿರುವುದು ಗ್ಯಾರೇಜಿನಲ್ಲಿಯೇ. ಪರೀಕ್ಷೆ ಬಂದಾಗ ಉತ್ತರ ಪತ್ರಿಕೆಗಳ ಕಟ್ಟು ಹಿಡಿದುಕೊಂಡು ನಾನೂ ಅಲ್ಲಿಯೇ ಬೆಂಚಿನ ಒಂದು ತುದಿಗೆ ಕೂಡುತ್ತೇನೆ. ಪತ್ರಿಕೆಗೆ ಗ್ರೀಸ್ ತಾಗಿದರೆ ತಮ್ಮನ್ನು ಬೈಯಬಾರದು ಎಂದು ಅವರು ಮೊದಲೇ ಹೇಳಿಟ್ಟಿದ್ದಾರೆ. ಹೋದ ವಾರ ಒಂದಕ್ಕೆ ತಾಗಿಯೂ ಇತ್ತು. ಅದನ್ನು ಬರೆದ ಹುಡುಗಿಗೆ ಕಲೆ ಎಲ್ಲಿಂದ ಬಂತೆಂದು ನಾನೇ ವಿವರಿಸಿ ಹೇಳಬೇಕಾಯಿತು.