ಎರಡನೆಯ ಗಂಟೆ

ಹೊಸ ಸಣಬಿನ ಹಗ್ಗದ ವಾಸನೆ ಬಡಿದರೆ ಸಾಕು, ರಾಹೇಲಮ್ಮನವರ ಮಾತು ಕಿವಿಗೆ ಬರುತ್ತದೆ: "ಗಂಟಿ ಹೊಡ್ಯಾವನ ಮಗಳು ಬಿ.ಎ. ಮಾಡ್ತಾಳಂತ! ಹಂಗಾದ್ರ ನಮ್ಮ ಎಮ್ಮಿ ವಕೀಲ ಆದೀತು ಬಿಡು." ನಮ್ಮೂರ ಪ್ರಾರ್ಥನಾ ಮಂದಿರ ಕಟ್ಟಿಸಿದ ಸಾಹುಕಾರರ ಮನೆತನಕ್ಕೆ ಅವರೇ ಹಿರಿಯರು.

ಹುನಗುಂದದ ಕಡೆಯ ಆ ಊರಿನಲ್ಲಿ ನೇಕಾರ ಕ್ರೈಸ್ತರಿಗೆಂದು ಮಂದಿರ ಎದ್ದದ್ದು ಇಂಗ್ಲೆಂಡಿನ ರಾಣಿಯ ಆಳ್ವಿಕೆಯಲ್ಲಂತೆ. ಹತ್ತಿ ವ್ಯಾಪಾರದಲ್ಲಿ ಬೆಳೆದ ಸಾಹುಕಾರರ ಮುತ್ತಜ್ಜ ಜಾಗ ಕೊಟ್ಟು, ಬಾದಾಮಿಯ ಕೆಂಪು ಕಲ್ಲು ತರಿಸಿ, ಬಾಗಿಲ ಮೇಲೆ ತನ್ನ ಹೆಸರು ಕೆತ್ತಿಸಿದ. ಮಂದಿರದ ಹಿಂದೆ ಒಂದು ಕೋಣೆ. ಗಂಟೆ ಹೊಡೆಯುವವರಿಗೆ ಅಲ್ಲೇ ವಾಸ. ನಾನು ಹುಟ್ಟಿದ್ದೂ ಅಲ್ಲಿಯೇ. ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಗೋಡೆಗೆ ಬೆನ್ನು ಕೊಟ್ಟು, ಅವ್ವ ಬಡಿಯುವ ರೊಟ್ಟಿಯ ಸದ್ದು ಕೇಳುತ್ತ ಪಾಠ ಓದುತ್ತಿದ್ದೆ. ಕಿಟಕಿ ಒಂದೇ, ಅದೂ ಸಾಹುಕಾರರ ಅಂಗಳದತ್ತ. ನಕ್ಕರೆ ಅಲ್ಲಿಗೆ ಕೇಳೀತೆಂದು ಅವ್ವ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಇಂಥ ಉಪಕಾರದ ಮನೆಯಲ್ಲಿ ಬೆಳೆದಿದ್ದರೆ ನಿಮಗೂ ಗೊತ್ತಿರುತ್ತದೆ, ಉಸಿರು ಬಿಡುವುದಕ್ಕೂ ಯಾರದೋ ಮುಖ ನೋಡಬೇಕು.

ಅಪ್ಪ ತೀರಿಕೊಂಡ ಮೇಲೆ ಗಂಟೆಯ ಹಗ್ಗ ನನ್ನ ಕೈಗೆ ಬಂತು, ಅವ್ವನಿಗೆ ಸೊಂಟನೋವು. ದಿನಾ ಬೆಳಿಗ್ಗೆ, ಸಂಜೆ ಗಂಟೆ ಇದ್ದುದರಿಂದ ಬಾಗಲಕೋಟೆಯ ಕಾಲೇಜಿಗೆ ಹೋಗಲಾಗದೆ ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿದೆ. ಭಾನುವಾರ ಮಾತ್ರ ಬೆಳಿಗ್ಗೆ ಎರಡು ಸಲ ಹೊಡೆಯಬೇಕು. ಮೊದಲನೆಯದು ಊರನ್ನು ಕರೆಯಲು, ಎರಡನೆಯದು ಪ್ರಾರ್ಥನೆ ಶುರು ಮಾಡಲು. ಸಾಹುಕಾರರ ಮನೆಯವರು ಬಂದು ಮುಂದಿನ ಬೆಂಚಿನಲ್ಲಿ ಕೂತ ಮೇಲೆಯೇ ಆ ಎರಡನೆಯದು. ಪಾದ್ರಿಗಳೂ ಕಾಯುತ್ತಿದ್ದರು.

ಕೊನೆಯ ಪರೀಕ್ಷೆ ಬಿದ್ದದ್ದು ಭಾನುವಾರ ಮಧ್ಯಾಹ್ನ. ಬಾಗಲಕೋಟೆಗೆ ಹೋಗುವ ಹತ್ತರ ಬಸ್ಸು ತಪ್ಪಿದರೆ ವರ್ಷವೇ ಹೋಯಿತು. ಹತ್ತಕ್ಕೆ ಹತ್ತೇ ನಿಮಿಷವಿತ್ತು, ಮುಂದಿನ ಬೆಂಚು ಇನ್ನೂ ಖಾಲಿ. ಹಗ್ಗ ಹಿಡಿದು ಬೆವರುತ್ತ ನಿಂತಿದ್ದೆ. ಅವ್ವ ಹತ್ತಿರ ಬಂದು, "ಹೊಡಿಯವ್ವಾ. ದೇವ್ರೇನು ಅವ್ರ ಹಾದಿ ಕಾಯಾಕತ್ತಾನೇನು?" ಅಂದಳು. ಹೊಡೆದೆ. ಮಂದಿಯೆಲ್ಲ ಎದ್ದು ಹಾಡು ಎತ್ತಿಕೊಂಡರು. ಹೊರಗೆ ಬಂದರೆ ಸಾಹುಕಾರರ ಕಾರು ಎದುರಿಗೆ ಬರುತ್ತಿತ್ತು; ಹಿಂದಿನ ಅಂಗಳದಿಂದ ಬರಲೂ ಅವರಿಗೆ ಕಾರೇ ಬೇಕು. ಪಕ್ಕಕ್ಕೆ ಸರಿದು ಬಸ್ ನಿಲ್ದಾಣಕ್ಕೆ ಓಡಿದೆ.

ಸಂಜೆ ತಿರುಗಿ ಬಂದಾಗ ನಮ್ಮ ಪಾತ್ರೆ ಪಡಗ ಅಂಗಳದಲ್ಲಿದ್ದವು. ರಾಹೇಲಮ್ಮ ಅವ್ವನಿಗೆ ಹೇಳುತ್ತಿದ್ದರು: "ನಿನ್ನ ಮಗಳಿಗೆ ಭಾಳ ಅವಸರ ಅದ. ಇಬ್ರೂ ಹೊಂಡ್ರಿನ್ನ."

ಆ ಕೋಣೆಯನ್ನು ಆಮೇಲೆ ಕೆಡವಿದರು. ನಮ್ಮ ಒಲೆ ಇದ್ದಲ್ಲಿ ಈಗ ಅವರ ಕಾರು ನಿಲ್ಲುತ್ತದೆ.

ನಾವು ಇಳಕಲ್ಲಿನಲ್ಲಿ ಬಾಡಿಗೆ ಮನೆ ಹಿಡಿದೆವು. ಪದವಿ ಪತ್ರ ಬಂದ ದಿನ ಅದನ್ನು ಅವ್ವನ ಕೈಗಿಟ್ಟು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಎಂದೆ. ಅವಳಿಗೆ ಓದಲು ಬಾರದು. ಕೈಯನ್ನು ಸೀರೆಗೆ ಒರೆಸಿಕೊಂಡು ಹಿಡಿದಳು.

"ಬಾಡಗಿ ಮನ್ಯಾಗ ಮೊಳಿ ಬಡ್ಯಾಕ ಬಿಡೂದಿಲ್ಲವ್ವಾ," ಅಂದಳು. "ಇರ್ಲಿ. ಒಂದೀಟು ಹೊತ್ತು ನಾನ ಹಿಡ್ಕೊಂಡು ಕುಂಡರ್ತೇನಿ."